ತಲೆ ಸವೆದ ಬೋಲ್ಟು

ಸ್ಪ್ಯಾನರ್ ಜಾರಿದಾಗ, ಬೋಲ್ಟು ಸಡಿಲವಾಯಿತೆಂದೇ ಒಂದು ಕ್ಷಣ ಹಿಗ್ಗಿದೆ. ಕೈಗೆ ಎರಡೂ ಒಂದೇ ಥರ ತಿಳಿಯುತ್ತವೆ: ಬಿಗಿ, ಬಿಗಿ, ಆಮೇಲೆ ತಟ್ಟನೆ ಹಗುರ. ಟಾರ್ಚ್ ಹಿಡಿದು ನೋಡಿದರೆ ಬೋಲ್ಟು ಇದ್ದಲ್ಲೇ ಇತ್ತು, ಅದರ ಆರು ಮೂಲೆಗಳು ಮಾತ್ರ ದುಂಡಗಾಗಿದ್ದವು.

ಮುಂದಿನ ಚಕ್ರದ ಬ್ರೇಕ್ ಡಿಸ್ಕ್ ಬದಲಿಸಲು ಹೊರಟಿದ್ದೆ. ನನ್ನ ಕಾರಿನಲ್ಲಿ ಡಿಸ್ಕ್ ಹೊರಬರಬೇಕಾದರೆ ಕ್ಯಾಲಿಪರ್ (ಡಿಸ್ಕಿಗೆ ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ಕೂರುವ ಬ್ರಾಕೆಟ್ ಮೊದಲು ಕಳಚಬೇಕು. ಅದನ್ನು ಹಿಂಬದಿಯಿಂದ ಎರಡು ಬೋಲ್ಟುಗಳು ಹಿಡಿದಿರುತ್ತವೆ, ತಲೆ 17 ಮಿಲಿಮೀಟರ್. ಕೆಳಗಿನದು ಸಲೀಸಾಗಿ ಬಂತು. ಮೇಲಿನದರಲ್ಲಿ ಎರಡು ತಪ್ಪು ಮಾಡಿದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿದ್ದು ಒಂದು. ಅದು ಬೋಲ್ಟನ್ನು ಮೂಲೆಗಳ ಹತ್ತಿರವೇ ಒತ್ತುತ್ತದೆ, ಆರು ಮೂಲೆಯ ಸಾಕೆಟ್ಟಿನ ಹಾಗೆ ಬದಿಗಳನ್ನು ಹಿಡಿಯುವುದಿಲ್ಲ. ಇನ್ನೊಂದನ್ನು ಹೇಳಲು ನಾಚಿಕೆ. ಡಿಸ್ಕಿನ ಮುಂದೆ ಕುಳಿತು ಹಿಂದಕ್ಕೆ ಕೈಚಾಚಿದ್ದೆ. ಬೋಲ್ಟಿನ ತಲೆ ಆಚೆಗೆ ಮುಖ ಮಾಡಿತ್ತು. ನನಗೆ ಎಡವಾಗಿದ್ದದ್ದು ಅದಕ್ಕೆ ಬಲ. ಬಿಚ್ಚುತ್ತಿದ್ದೇನೆಂದುಕೊಂಡು ಐದು ನಿಮಿಷ ಬಿಗಿ ಮಾಡಿದ್ದೆ.

ಅಲ್ಲಿಗೆ ನಿಲ್ಲಿಸಿದೆ. ಕ್ಯಾಲಿಪರನ್ನು ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ತೂಗುಹಾಕಿದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟಿನ ಬುಡಕ್ಕೂ ಅದರ ತುದಿ ಹೊರಬರುವ ಕಡೆಗೂ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬ್ರೇಕ್ ಪ್ಯಾಡುಗಳನ್ನು ಮೊದಲೇ ತೆಗೆದು ದೂರ ಇಟ್ಟಿದ್ದೆ; ಅವುಗಳಿಗೆ ಎಣ್ಣೆ ತಾಗಿದರೆ ಮತ್ತೆ ಬಳಸುವಂತಿಲ್ಲ. ಬೆಂಕಿ ತೋರಿಸಿದರೆ ಬೇಗ ಬಿಡುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ನಿಜವೇ, ಆದರೆ ಪಕ್ಕದಲ್ಲೇ ಬ್ರೇಕ್ ಹೋಸ್, ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರಿನ ವೈರ್, ಬೇರಿಂಗಿನ ರಬ್ಬರ್ ಸೀಲ್. ಸಾಲದ್ದಕ್ಕೆ ಆಗಷ್ಟೇ ಸುರಿದ ಎಣ್ಣೆ. ಬೇಡವೆಂದೆ.

ಮರುದಿನ ತಲೆಯ ಬದಿಗಳನ್ನು ಅರದಿಂದ ಸ್ವಲ್ಪ ಉಜ್ಜಿ, 16ರ ಹಳೆಯ ಆರು ಮೂಲೆ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಒಳ್ಳೆಯ ಸಾಕೆಟ್ಟನ್ನು ಈ ಕೆಲಸಕ್ಕೆ ಬಲಿಕೊಡಬಾರದು. ಮೊದಲು ಸದ್ದು ಟೊಳ್ಳಾಗಿತ್ತು. ಸಾಕೆಟ್ ಪೂರ್ತಿ ಕುಳಿತಾಗ ಗಟ್ಟಿಯಾಯಿತು. ಆ ಪೆಟ್ಟುಗಳೂ ವ್ಯರ್ಥವಲ್ಲ, ತುಕ್ಕಿನ ಹಿಡಿತ ಅದರಿಂದ ಸಡಿಲವಾಗುತ್ತದೆ. ಈ ಸಲ ಬೋಲ್ಟಿನ ತಲೆಯ ಕಡೆಗೇ ಹೋಗಿ ಮಲಗಿ, ಉದ್ದದ ಹಿಡಿ ಹಾಕಿ, ಜಗ್ಗದೆ ನಿಧಾನವಾಗಿ ಭಾರ ಬಿಟ್ಟೆ. ಟಕ್ ಎಂದಿತು. ಮತ್ತೆ ಜಾರಿತೇ? ಇಲ್ಲ, ಬೋಲ್ಟಿನ ಬುಡದಲ್ಲಿ ಕೆಂಪು ಪುಡಿ ಉದುರಿತ್ತು. ಸ್ವಲ್ಪ ಬಿಚ್ಚುವುದು, ಸ್ವಲ್ಪ ಹಿಂದಿರುಗಿಸುವುದು, ಎಣ್ಣೆ ಹಾಕುವುದು, ಹೀಗೆ ಹೊರಬಂತು. ಸಾಕೆಟ್ಟಿನೊಳಗೆ ಸಿಕ್ಕಿಕೊಂಡ ತಲೆಯನ್ನು ಹಿಂದಿನ ಚೌಕ ತೂತಿನಿಂದ ಸರಳು ತೂರಿಸಿ ಬಡಿದು ಬಿಡಿಸಿದೆ.

ಹೊಸ ಬೋಲ್ಟಿಗೆ ಅಳತೆ ಮುಖ್ಯ. 12 ಮಿಲಿಮೀಟರ್ ಬೋಲ್ಟಿನಲ್ಲೇ ಥ್ರೆಡ್ಡಿನ, ಅಂದರೆ ಸುರುಳಿ ಗೆರೆಗಳ, ಅಂತರ 1.25, 1.5, 1.75 ಮಿಲಿಮೀಟರ್ ಎಂದು ಬೇರೆಬೇರೆ ಇರುತ್ತದೆ. ನನ್ನದು 1.25. ತಲೆಯ ಮೇಲಿನ ಗುರುತು ಸುತ್ತಿಗೆಗೆ ಅಳಿಸಿಹೋಗಿತ್ತು, ಜೊತೆಯ ಬೋಲ್ಟಿನಲ್ಲಿ 10.9 ಎಂದು ಓದಿಕೊಂಡೆ; ಅದು ಬೋಲ್ಟಿನ ಬಲದ ದರ್ಜೆ. ಬ್ರೇಕಿಗೆ ಅದಕ್ಕಿಂತ ಕಡಿಮೆ ದರ್ಜೆಯ ಬೋಲ್ಟು ಹಾಕುವ ಧೈರ್ಯ ನನಗಿಲ್ಲ. ಎರಡನ್ನೂ ಕಾರಿನ ಬಿಡಿಭಾಗವಾಗಿಯೇ ತರಿಸಿದೆ. ರಂಧ್ರದಲ್ಲಿ ಅದೇ ಅಳತೆಯ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಆಡಿಸಿ ಥ್ರೆಡ್ ಶುಚಿ ಮಾಡಿದೆ. ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಕಾರಿನ ಕೈಪಿಡಿಯಲ್ಲಿದ್ದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಗೊಳಿಸಿದೆ.

ಬೋಲ್ಟು ಸಡಿಲಗೊಂಡು ತಿರುಗಿದರೆ ತಿಳಿಯಲೆಂದು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ಕಾರು ಕದಲಿಸುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿದೆ. ಒಂದು ವಾರ ಓಡಿಸಿ ಚಕ್ರ ಬಿಚ್ಚಿ ನೋಡಿದಾಗ ಗೆರೆ ಮುರಿದಿರಲಿಲ್ಲ.