ನಾಲ್ಕನೇ ಬಿಪಿ ಮಾತ್ರೆ ಬರೆಯುವ ಮುನ್ನ

ಮೂರು ಬಗೆಯ ಬಿಪಿ ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ ತಪ್ಪದೆ ನುಂಗುತ್ತಿದ್ದಾರೆ, ಅದರಲ್ಲೊಂದು ಮೂತ್ರ ಹೆಚ್ಚಿಸುವ ಮಾತ್ರೆ; ಆದರೂ ಒತ್ತಡ ಇಳಿದಿಲ್ಲ. ಇಂಥವರು ಬಂದರೆ ನಾನು ಮೊದಲು ಅವರ ಚೀಲ ಬಿಚ್ಚಿಸುತ್ತೇನೆ. ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಡೈಕ್ಲೋಫೆನಾಕ್, ಕೆಮ್ಮಿಗೆಂದು ದಿನವೂ ಕುಡಿಯುವ ಜೇಷ್ಠಮಧುವಿನ ಕಷಾಯ, ಎರಡೂ ಬಿಪಿ ಏರಿಸಬಲ್ಲವು. ಜೇಷ್ಠಮಧುವಂತೂ ಪೊಟ್ಯಾಸಿಯಂ ಇಳಿಸಿ, ನಾನು ಹುಡುಕುವ ಕಾಯಿಲೆಯ ವೇಷವನ್ನೇ ಹಾಕುತ್ತದೆ.

ಪ್ರೈಮರಿ ಆಲ್ಡೊಸ್ಟಿರೋನಿಸಂ ಎಂಬ ಆ ಕಾಯಿಲೆ ಇರುವುದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ. ಅಲ್ಲೊಂದು ಸಣ್ಣ ಗಡ್ಡೆ ಬೆಳೆದು ಆಲ್ಡೊಸ್ಟಿರಾನ್ ಹಾರ್ಮೋನನ್ನು ಲಂಗುಲಗಾಮಿಲ್ಲದೆ ಸುರಿಸಿದರೆ, ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಚೆಲ್ಲುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ 1955ರಲ್ಲೇ ಇದನ್ನು ವಿವರಿಸಿದರು. ಆದರೂ ಪೊಟ್ಯಾಸಿಯಂ ಸರಿಯಿದೆ ಎಂದು ಈ ಕಾಯಿಲೆಯನ್ನು ತಳ್ಳಿಹಾಕುವವರು ಇಂದಿಗೂ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ.

ನಲವತ್ತು ದಾಟಿದ ಶಾಲಾ ಶಿಕ್ಷಕಿಯೊಬ್ಬರಿಗೆ ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು, ರಾತ್ರಿಯಿಡೀ ಮೂತ್ರಕ್ಕೆ ಏಳಬೇಕಿತ್ತು. ಪೊಟ್ಯಾಸಿಯಂ 2.9, ತೀರಾ ಕಡಿಮೆ. ಮೂತ್ರದ ಮಾತ್ರೆಯ ಪ್ರಭಾವವಿರಬಹುದೆಂದು ಅದನ್ನು ನಿಲ್ಲಿಸಿದೆ, ಆದರೂ ಏರಲಿಲ್ಲ. ಪೂರಕ ಕೊಟ್ಟು ಪೊಟ್ಯಾಸಿಯಂ ಸರಿಪಡಿಸಿ, ಆಲ್ಡೊಸ್ಟಿರಾನ್ ಮತ್ತು ರೆನಿನ್ ಎರಡನ್ನೂ ಒಟ್ಟಿಗೆ ಅಳೆಯಲು ಸಿದ್ಧತೆ ಮಾಡಿಕೊಂಡೆ. ರೆನಿನ್ ಎಂದರೆ ಆಲ್ಡೊಸ್ಟಿರಾನ್ ಸುರಿಸಲು ಸೂಚನೆ ಕೊಡುವ, ಮೂತ್ರಪಿಂಡದ ಸ್ರಾವ; ಈ ಕಾಯಿಲೆಯಲ್ಲಿ ಅದು ತಗ್ಗಿ, ರೆನಿನ್‌ಗೆ ಆಲ್ಡೊಸ್ಟಿರಾನ್‌ನ ಅನುಪಾತ ಏರುತ್ತದೆ.

ಈ ಪರೀಕ್ಷೆ ಗೆಲ್ಲುವುದೂ ಸೋಲುವುದೂ ರಕ್ತ ತೆಗೆಯುವ ಮೇಜಿನ ಬಳಿಯೇ. ಬಿಪಿ ಮಾತ್ರೆಗಳಲ್ಲಿ ಅಟೆನಲಾಲ್ ರೆನಿನ್ ಅನ್ನು ತಗ್ಗಿಸಿ ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ. ಟೆಲ್ಮಿಸಾರ್ಟನ್ ಅದನ್ನು ಏರಿಸಿ ಇರುವ ಕಾಯಿಲೆಯನ್ನು ಮುಚ್ಚುತ್ತದೆ. ಆಗುವುದಾದರೆ ಕೆಲವು ವಾರ ಈ ಪರೀಕ್ಷೆಯನ್ನು ಅಷ್ಟಾಗಿ ಕೆಡಿಸದ ವೆರಾಪಮಿಲ್, ಪ್ರಜೋಸಿನ್‌ಗೆ ಬದಲಿಸುತ್ತೇನೆ. ನಿಲ್ಲಿಸುವುದು ಅಪಾಯವೆನಿಸಿದರೆ ಇದ್ದಂತೆಯೇ ಪರೀಕ್ಷಿಸುತ್ತೇನೆ: ಟೆಲ್ಮಿಸಾರ್ಟನ್ ನುಂಗುತ್ತಿದ್ದರೂ ರೆನಿನ್ ನೆಲಕಚ್ಚಿದ್ದರೆ ಅದೇ ದೊಡ್ಡ ಸುಳಿವು. ರೋಗಿ ಎದ್ದು ಕನಿಷ್ಠ ಎರಡು ಗಂಟೆ ಓಡಾಡಿಕೊಂಡಿರಬೇಕು, ಆಮೇಲೆ ಹದಿನೈದು ನಿಮಿಷ ಕೂತಿರಬೇಕು. ಪಟ್ಟಿ ಕಟ್ಟಿದ ಕೂಡಲೇ ತಂತ್ರಜ್ಞರು ಅಭ್ಯಾಸಬಲದಿಂದ "ಮುಷ್ಟಿ ಬಿಗಿ ಹಿಡಿದು ಬಿಡಿ" ಎನ್ನುತ್ತಾರೆ. ಬೇಡ ಎನ್ನುತ್ತೇನೆ, ಮುಷ್ಟಿ ಹಿಂಡಿದರೆ ಸ್ನಾಯುವಿನಿಂದ ಪೊಟ್ಯಾಸಿಯಂ ಸೋರಿ ಫಲಿತಾಂಶ ಸುಳ್ಳಾಗುತ್ತದೆ. ಬೆಂಗಳೂರಿಗೆ ಹೋಗುವ ಮಾದರಿ ಎಂದು ಟ್ಯೂಬನ್ನು ಸೀದಾ ಐಸ್ ಡಬ್ಬಿಗೆ ಹಾಕುವುದು ಇನ್ನೊಂದು ರೂಢಿ. ತಣ್ಣಗಾದಾಗ ರೆನಿನ್‌ನ ಮೊದಲ ರೂಪವಾದ ಪ್ರೋರೆನಿನ್ ರೆನಿನ್ ಆಗಿ ಬದಲಾಗಿ, ಅನುಪಾತ ಸುಳ್ಳೇ ಇಳಿಯುತ್ತದೆ. ಪ್ಲಾಸ್ಮಾ ಬೇರ್ಪಡಿಸುವವರೆಗೆ ಕೋಣೆಯ ತಾಪಮಾನ, ಆಮೇಲೆ ಬೇಗನೆ ಹೆಪ್ಪುಗಟ್ಟಿಸುವುದು.

ಶಿಕ್ಷಕಿಯ ಆಲ್ಡೊಸ್ಟಿರಾನ್ 28, ಅಂದರೆ ಹೆಚ್ಚು; ರೆನಿನ್ ಚಟುವಟಿಕೆ ಅಳತೆಗೇ ಸಿಗದಷ್ಟು ಕಡಿಮೆ. ಸಿ.ಟಿ.ಯಲ್ಲಿ ಎಡಗಡೆ ಗಡ್ಡೆ. "ಗಡ್ಡೆ ಎಂದರೆ ಕ್ಯಾನ್ಸರ್ ತಾನೇ ಡಾಕ್ಟರೇ?" ಎಂದರು. ಈ ಬಗೆಯ ಗಡ್ಡೆ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ ಎಂದು ಹೇಳಿದರೂ ಅವರ ಗಂಡ ನಂಬಿದಂತೆ ಕಾಣಲಿಲ್ಲ. ಅಡ್ರಿನಲ್‌ನ ಇನ್ನೊಂದು ಬಗೆಯ ಗಡ್ಡೆ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮೆಟಾನೆಫ್ರಿನ್ ಪರೀಕ್ಷೆಯನ್ನೂ ಮಾಡಿಸಿದೆ. ಅಡ್ರಿನಲಿನ್ ಸುರಿಸುವ ಫಿಯೋಕ್ರೋಮೋಸೈಟೋಮಾವನ್ನು ಗೊತ್ತಿಲ್ಲದೆ ಶಸ್ತ್ರಚಿಕಿತ್ಸೆಗೆ ಒಯ್ದರೆ ಪ್ರಾಣಕ್ಕೇ ಸಂಚಕಾರ.

ಚಿತ್ರದಲ್ಲಿ ಕಂಡ ಗಡ್ಡೆಯೇ ಅಪರಾಧಿ ಎನ್ನುವಂತಿಲ್ಲ. ವಯಸ್ಸಾದಂತೆ ಏನೂ ಮಾಡದ ಗಂಟುಗಳೂ ಬೆಳೆಯುತ್ತವೆ. ಹಾಗಾಗಿ ಎರಡೂ ಅಡ್ರಿನಲ್ ಅಭಿಧಮನಿಗಳಿಂದ ರಕ್ತ ತೆಗೆಸಲು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಬಲಗಡೆಯದು ಗಿಡ್ಡ, ನೇರವಾಗಿ ಮಹಾಭಿಧಮನಿಗೆ ಸೇರುತ್ತದೆ. ಅದಕ್ಕೆ ಕೊಳವೆ ಹೊಗಿಸುವುದು ನುರಿತವರಿಗೂ ಕಷ್ಟ. ಎಡಗಡೆಯದೇ ತಪ್ಪೆಂದು ಖಚಿತವಾಗಿ, ಲ್ಯಾಪರೊಸ್ಕೋಪಿಯಲ್ಲಿ ಆ ಗ್ರಂಥಿಯನ್ನು ತೆಗೆದರು. ಈಗ ಅವರಿಗೆ ಒಂದೇ ಅಮ್ಲೋಡಿಪಿನ್ ಸಾಕು. ಹಲವು ವರ್ಷ ಬಿಪಿ ಇದ್ದವರಲ್ಲಿ ಮಾತ್ರೆ ಪೂರ್ತಿ ನಿಲ್ಲುತ್ತದೆಂದು ನಾನು ಮಾತು ಕೊಡುವುದಿಲ್ಲ.

ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ಎರಡೂ ಗ್ರಂಥಿಗಳು ಆಲ್ಡೊಸ್ಟಿರಾನ್ ಸುರಿಸುವ ಕಾಟ. ಶಸ್ತ್ರಚಿಕಿತ್ಸೆಯ ಮಾತೇ ಇಲ್ಲ. ಆಲ್ಡೊಸ್ಟಿರಾನ್‌ನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಬಿಪಿ ಇಳಿಸಿತು, ಆದರೆ ಎದೆ ಊದಿ ನೋವು ಬಂತು, ಅದೇ ಬಗೆಯ ಎಪ್ಲೆರಿನೋನ್‌ಗೆ ಬದಲಿಸಿದೆ. ಈ ಮಾತ್ರೆಗಳಲ್ಲಿ ಪೊಟ್ಯಾಸಿಯಂ ಅತಿಯಾಗಿ ಏರುವ ಭಯವಿರುವುದರಿಂದ ಎಳನೀರು ಕಡಿಮೆ ಮಾಡಿ ಎಂದಿದ್ದೇನೆ. ಮಾತ್ರೆಯ ಬೆಲೆಗಿಂತ ಈ ಪಥ್ಯವೇ ಅವರಿಗೆ ಹೆಚ್ಚು ಕಷ್ಟವಾಗಿದೆ.