ಸಂಬಳದ ಮಾತು ಮೊದಲು: ಉಡುಪಿಯ ಒಂದು ಸೇವಾಸಂಸ್ಥೆಯಲ್ಲಿ ನನ್ನ ಅನುಭವ

ಸೇವಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೂತವರು ನಾವು ಪುಕ್ಕಟೆ ದುಡಿಯುತ್ತೇವೆ. ನಮಗೆ ಪಿಂಚಣಿ ಉಂಟು, ಮಕ್ಕಳು ದುಡಿಯುತ್ತಾರೆ, ಹೊಟ್ಟೆಪಾಡಿನ ಚಿಂತೆ ಇಲ್ಲ. ಆದರೆ ನಮ್ಮ ದುಡಿಮೆ ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಸಂಬಳಕ್ಕೆ ಬಂದವರೂ ಅರ್ಧ ಪುಕ್ಕಟೆ ದುಡಿಯಲಿ ಎಂದು ಬಯಸುವುದು ಅನ್ಯಾಯ. ಉಡುಪಿಯ ಒಂದು ಸಂಸ್ಥೆಯಲ್ಲಿ ಮೊದಲು ಕೋಶಾಧಿಕಾರಿಯಾಗಿ, ಆಮೇಲೆ ಅಧ್ಯಕ್ಷೆಯಾಗಿ ನಾನು ಮಾಡಿದ ಕೆಲಸದಲ್ಲಿ ಹೆಚ್ಚಿನ ಪಾಲು ಈ ಅನ್ಯಾಯವನ್ನು ಸರಿಪಡಿಸುವುದರಲ್ಲೇ ಹೋಯಿತು. ಅದು ಹೇಗಾಯಿತು ಎಂದು ಬರೆಯುತ್ತೇನೆ. ಇಂಥದೇ ಜಾಗದಲ್ಲಿ ಕೂತವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಸಂಸ್ಥೆಯದು ಎರಡು ಕೆಲಸ. ಬುದ್ಧಿಬೆಳವಣಿಗೆ ಕಡಿಮೆ ಇರುವ, ಶಾಲೆಯ ವಯಸ್ಸು ದಾಟಿದವರಿಗೆ ಹಗಲು ಹೊತ್ತಿನ ಕೇಂದ್ರ ಒಂದು. ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಗಾಯ ತೊಳೆದು, ಮಗ್ಗುಲು ಬದಲಿಸಿ, ಮದ್ದು ನೋಡಿ ಬರುವುದು ಇನ್ನೊಂದು. ಮಕ್ಕಳು ಮುಂಬಯಿ, ಬೆಂಗಳೂರು, ದುಬೈ ಎಂದು ಹೋಗಿ, ಅಪ್ಪ ಅಮ್ಮ ಇಬ್ಬರೇ ಉಳಿದ ದೊಡ್ಡ ದೊಡ್ಡ ಮನೆಗಳು ನಮ್ಮ ಕಡೆ ಎಷ್ಟಿವೆ ಎಂದು ಊರವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಬಂದದ್ದು ಬ್ಯಾಂಕಿನಿಂದ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, ಆಮೇಲೆ ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂದು ಸಾಲಾಗಿ ಬ್ಯಾಂಕು ಹುಟ್ಟಿದ ಊರುಗಳು ನಮ್ಮವು. ಹಾಗಾಗಿ ಇಲ್ಲಿಯ ಸಮಿತಿಗಳಲ್ಲಿ ನಿವೃತ್ತ ಬ್ಯಾಂಕಿನವರು ಒಬ್ಬರಾದರೂ ಇದ್ದೇ ಇರುತ್ತಾರೆ; ಕೋಶಾಧಿಕಾರಿ ಹುದ್ದೆ ಅವರ ಕೊರಳಿಗೇ ಬೀಳುತ್ತದೆ. ನನಗೂ ಹಾಗೇ ಬಿತ್ತು.

ಲೆಕ್ಕದ ಪುಸ್ತಕ ಕೈಗೆ ಬಂದ ಮೇಲೆ ನಾನು ಮೊದಲು ತೆಗೆದದ್ದು ಸಂಬಳದ ರಿಜಿಸ್ಟರ್. ಲೆಕ್ಕ ಚೊಕ್ಕವಾಗಿತ್ತು, ಒಂದು ರೂಪಾಯಿಯ ವ್ಯತ್ಯಾಸ ಇಲ್ಲ. ಆದರೆ ರೆವೆನ್ಯೂ ಸ್ಟಾಂಪಿನ ಮೇಲಿನ ಸಹಿಯ ಪಕ್ಕದಲ್ಲಿದ್ದ ತಾರೀಕು ನೋಡಿದರೆ ಒಂದು ತಿಂಗಳು ಎಂಟು, ಮತ್ತೊಂದು ತಿಂಗಳು ಹನ್ನೆರಡು. ಮಳೆಗಾಲದಲ್ಲಂತೂ ಒಂದೇ ತಿಂಗಳಿಗೆ ಎರಡೆರಡು ಸಹಿ: ಅರ್ಧ ಈಗ, ಅರ್ಧ ಆಮೇಲೆ. ಕೇಂದ್ರದಲ್ಲಿ ಆಯಾ ಆಗಿದ್ದ ಅಕ್ಕನ ಸಹಿ ಎಲ್ಲ ಪುಟದಲ್ಲೂ ಒಂದೇ ರೀತಿ, ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಬರೆದದ್ದು. ಆ ಪುಟಗಳನ್ನು ನೋಡುತ್ತಾ ನನಗೆ ಮನಸ್ಸು ತಡೆಯಲಿಲ್ಲ. ಇಪ್ಪತ್ತೈದು ವರ್ಷದ ಯುವಕನನ್ನು ಎತ್ತಿ ಶೌಚಾಲಯಕ್ಕೆ ಕರೆದೊಯ್ದು, ತೊಳೆದು, ಬಟ್ಟೆ ಬದಲಿಸಿ ಕೂರಿಸುವ ಹೆಂಗಸಿಗೆ ನಾವು ಸಂಬಳವನ್ನು ಕಂತಿನಲ್ಲಿ ಕೊಡುತ್ತಿದ್ದೆವು.

ಹಿಂದಿನ ಕೋಶಾಧಿಕಾರಿಗಳ ತಪ್ಪೇನೂ ಅದರಲ್ಲಿ ಇರಲಿಲ್ಲ. ದುಡ್ಡು ಬರುವ ರೀತಿಯೇ ಹಾಗೆ. ನಮ್ಮ ದಾನಿಗಳು ಉದಾರಿಗಳು, ಕೊಡುವಾಗ ಕೈ ಬಿಚ್ಚಿ ಕೊಡುತ್ತಾರೆ. ಆದರೆ ಕೊಡುವುದು ವಾರ್ಷಿಕೋತ್ಸವದ ಹೊತ್ತಿಗೆ, ಇಲ್ಲವೇ ಮುಂಬಯಿಯಿಂದ ರಜೆಗೆ ಊರಿಗೆ ಬಂದಾಗ. ಕೊಡುವುದೂ ಕಣ್ಣಿಗೆ ಕಾಣುವ ವಸ್ತುವಿಗೆ: ಗಾಲಿಕುರ್ಚಿ, ನೀರಿನ ಫಿಲ್ಟರ್, ಒಂದು ಕೋಣೆ, ಹುಟ್ಟುಹಬ್ಬದ ದಿನದ ಊಟ. ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಹೆಸರು ಬರುತ್ತದೆ. ಸಂಬಳಕ್ಕೆ ಕೊಟ್ಟರೆ ಯಾವ ಗೋಡೆಯಲ್ಲಿ ಹೆಸರು ಬರೆಸುವುದು? ಉಗ್ರಾಣದಲ್ಲಿ ಪ್ಲಾಸ್ಟಿಕ್ ತೆಗೆಯದ ಗಾಲಿಕುರ್ಚಿಗಳಿದ್ದವು. ಅದನ್ನು ತಳ್ಳುವವರ ಸಂಬಳ ಬಾಕಿ ಇತ್ತು.

ಅಧ್ಯಕ್ಷೆಯಾದ ಮೇಲೆ ನಾನು ಮೊದಲು ಬದಲಾಯಿಸಿದ್ದು ಸಭೆಯ ವಿಷಯಪಟ್ಟಿ. ಅಲ್ಲಿಯವರೆಗೆ ನಮ್ಮ ಸಭೆಗಳ ಹೊತ್ತು ಹೋಗುತ್ತಿದ್ದುದು ಕಾರ್ಯಕ್ರಮದ ತಯಾರಿಯಲ್ಲಿ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ವೇದಿಕೆಯಲ್ಲಿ ಯಾರು, ಯಾರಿಗೆ ಶಾಲು ಹೊದಿಸುವುದು. ಅದು ಬೇಡ ಎಂದು ನಾನು ಹೇಳುವುದಿಲ್ಲ. ನಾಲ್ಕು ಜನರನ್ನು ಸೇರಿಸದೆ ಸಂಸ್ಥೆ ನಡೆಯುವುದಿಲ್ಲ. ಆದರೆ ಅದನ್ನು ಕೊನೆಗೆ ಹಾಕಿದೆ. ಮೊದಲನೆಯ ವಿಷಯ ಹೀಗೆ ಬರೆಸಿದೆ: ಕಳೆದ ತಿಂಗಳ ಸಂಬಳ ಯಾವ ತಾರೀಕಿಗೆ ಕೊಟ್ಟದ್ದು, ಮುಂದಿನ ಮೂರು ತಿಂಗಳ ಸಂಬಳಕ್ಕೆ ಕೈಯಲ್ಲಿ ಎಷ್ಟು ಉಂಟು. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲೇಬೇಕು. ಪುಸ್ತಕದಲ್ಲಿ ‘ಹನ್ನೊಂದನೇ ತಾರೀಕು’ ಎಂದು ಬರೆದು ಅದರ ಕೆಳಗೆ ತಮ್ಮ ಸಹಿ ಹಾಕಬೇಕಾಗಿ ಬಂದಾಗ ಸದಸ್ಯರಿಗೆ ಆ ತಾರೀಕು ತಮ್ಮದೂ ಹೌದು ಅನ್ನಿಸಲು ಶುರುವಾಯಿತು. ಮಂಡಳಿ ಯಾವುದನ್ನು ಪ್ರತಿ ತಿಂಗಳು ಕೇಳುತ್ತದೋ ಅದರ ಮೇಲೆ ಕಚೇರಿಯವರ ಕಣ್ಣೂ ಇರುತ್ತದೆ ಎಂಬುದು ಬ್ಯಾಂಕಿನಲ್ಲಿ ನಾನು ಕಲಿತದ್ದು.

ಗ್ರಾಚ್ಯುಟಿಯ ಮಾತು ಬಂದಾಗ ಮಾತಿಗೆ ಮಾತು ಬೆಳೆಯಿತು. ಹನ್ನೆರಡು ವರ್ಷ ದುಡಿದ ಅಡುಗೆಯವರು ಮಂಡಿನೋವಿನಿಂದ ಕೆಲಸ ಬಿಡುವವರಿದ್ದರು. ಒಂದು ಸೀರೆ, ಒಂದು ತಟ್ಟೆ ಹಣ್ಣು, ಐದು ಸಾವಿರದ ಕವರು ಕೊಟ್ಟು ಬೀಳ್ಕೊಡೋಣ ಎಂದು ಸೂಚನೆ ಬಂತು, ಅನುಮೋದನೆಯೂ ಆಯಿತು. ನಾನು ವಿಷಯಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿ ಓದಿದೆ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ, ಐದು ವರ್ಷ ದುಡಿದವರಿಗೆ, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚ್ಯುಟಿ ಎಂದು 1972ರ ಕಾಯ್ದೆ ಹೇಳುತ್ತಿತ್ತು. ತಿಂಗಳಿಗೆ 26 ದಿನ ಎಂದು ಲೆಕ್ಕ. ಅವರ ಸಂಬಳ 13,000. 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಹನ್ನೆರಡು ವರ್ಷಕ್ಕೆ 90,000.

ಸಭೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮಾಷ್ಟ್ರು ಹೇಳಿದರು, “ಅಲ್ಲ ಮೇಡಂ, ಇದು ಫ್ಯಾಕ್ಟರಿಯಾ? ಕುದ್ಮುಲ್ ರಂಗರಾಯರು ಗ್ರಾಚ್ಯುಟಿ ಕೇಳಿದ್ದರಾ?”

ಅವರ ಮೇಲೆ ನನಗೆ ಗೌರವ ಉಂಟು. ರಂಗರಾಯರ ಹೆಸರು ತೆಗೆದದ್ದೂ ಸುಮ್ಮನೆ ಅಲ್ಲ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ಊರಿಡೀ ಬಹಿಷ್ಕಾರ ಹಾಕಿದರೂ ಕುಗ್ಗದವರು ಅವರು. ಅಂಥವರ ಹೆಸರಿಗೆ ಎದುರು ಮಾತಾಡುವುದು ಕಷ್ಟ. ನಾನು ಹೇಳಿದೆ, “ಮಾಷ್ಟ್ರೆ, ರಂಗರಾಯರು ವಕೀಲರು. ಅವರು ಕೂತದ್ದು ನೀವು, ನಾನು ಕೂತ ಜಾಗದಲ್ಲಿ. ಅವರು ತಮ್ಮದನ್ನು ಕೊಟ್ಟರು, ಅಡುಗೆಯವರದ್ದನ್ನು ಅಲ್ಲ. ನಿಮಗೆ ಸರಕಾರ ಗ್ರಾಚ್ಯುಟಿ ಕೊಟ್ಟಿದೆ, ನನಗೆ ಬ್ಯಾಂಕು ಕೊಟ್ಟಿದೆ. ಅವರಿಗೆ ಕೊಡುವವರು ನಾವಲ್ಲದೆ ಮತ್ತೆ ಯಾರು?” ಅವರು ಅದಕ್ಕೆ ಏನೂ ಹೇಳಲಿಲ್ಲ, ಆದರೆ ನಿರ್ಣಯಕ್ಕೆ ಮೊದಲ ಸಹಿ ಅವರದ್ದೇ. ದುಡ್ಡು ಒಮ್ಮೆಗೇ ಇರಲಿಲ್ಲ. ಠೇವಣಿ ಒಂದನ್ನು ಮುರಿದು ಕೊಟ್ಟೆವು. ಆಮೇಲೆ ಪ್ರತಿ ವರ್ಷ ಎಲ್ಲರ ಹೆಸರಿನಲ್ಲೂ ಆ ವರ್ಷದ ಪಾಲನ್ನು ತೆಗೆದಿಡುವ ಕ್ರಮ ಮಾಡಿದೆವು. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ನೋಂದಣಿಯೂ ಅದೇ ವರ್ಷ ಆಯಿತು. ಸಂಬಳದ ಮೇಲೆ ಸಂಸ್ಥೆಯದ್ದು 3.25, ಅವರದ್ದು 0.75 ಶೇಕಡಾ, ಅಷ್ಟಕ್ಕೆ ಇಡೀ ಸಂಸಾರಕ್ಕೆ ಚಿಕಿತ್ಸೆ ಸಿಗುವಾಗ ಅದನ್ನು ಮುಂದೂಡಲು ನನಗೆ ಕಾರಣವೇ ಕಾಣಲಿಲ್ಲ.

ಇನ್ನು ದುಡ್ಡು ಎಲ್ಲಿಂದ ಬಂತು ಎಂದು ಹೇಳಬೇಕು. ಇದು ಮುಖ್ಯ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಂಬಳ ತಿಂಗಳು ತಿಂಗಳು ಕೊಡುವಂಥದ್ದು. ಹಾಗಾದರೆ ಅದಕ್ಕೆ ದಾನವೂ ತಿಂಗಳು ತಿಂಗಳು ಬರಬೇಕು. ನಮ್ಮ ಊರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು, ಆಗಿನ್ನೂ ಅದಕ್ಕೆ ಬೇರೆ ಹೆಸರು, ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಒಟ್ಟು ಮಾಡಿ ಕೊಂಡೊಯ್ಯುತ್ತಿದ್ದರು. ನಮ್ಮ ತಾಯಿಯ ಪಿಗ್ಮಿ ಪುಸ್ತಕ ನಾನು ಕಂಡಿದ್ದೇನೆ. ದೊಡ್ಡ ಮೊತ್ತ ಒಬ್ಬರಿಂದ ಕೇಳುವ ಬದಲು ಸಣ್ಣ ಮೊತ್ತ ನೂರು ಜನರಿಂದ, ತಪ್ಪದೆ. ಅದೇ ಕ್ರಮದಲ್ಲಿ ತಿಂಗಳಿಗೆ 200 ರೂಪಾಯಿಯ ‘ಸಂಬಳ ನಿಧಿ’ ಮಾಡಿದೆವು. ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ಪ್ರತಿ ತಿಂಗಳು ತಾನಾಗಿ ಬರುತ್ತದೆ. ಅದು ಆಗದವರಿಗೆ ಯುಪಿಐ ಇದೆ.

ಕೇಳಲು ಹೋದದ್ದು ನಾವೇ, ಮಂಡಳಿಯವರು. ಇದನ್ನು ನಾನು ಕಡ್ಡಾಯ ಮಾಡಿದೆ. ಸಿಬ್ಬಂದಿಯನ್ನು ಅವರ ಸಂಬಳಕ್ಕೆ ಅವರನ್ನೇ ಚಂದಾ ಎತ್ತಲು ಕಳಿಸುವುದಕ್ಕಿಂತ ನಾಚಿಕೆಯ ಕೆಲಸ ಇನ್ನೊಂದಿಲ್ಲ. ಕೇಳುವಾಗ “ಬಡವರಿಗೆ ಸಹಾಯ ಮಾಡಿ” ಎನ್ನಲಿಲ್ಲ. “ನಮ್ಮ ನರ್ಸ್ ಅಕ್ಕ ಈ ವಾರ ಮಲ್ಪೆಯಿಂದ ಹಿರಿಯಡ್ಕದವರೆಗೆ ಇಷ್ಟು ಮನೆಗೆ ಹೋಗಿದ್ದಾರೆ, ಅವರ ಸಂಬಳಕ್ಕೆ ನಿಮ್ಮ ಪಾಲು ಬೇಕು” ಎಂದೆವು. ದಾಕ್ಷಿಣ್ಯ ಬಿಟ್ಟು ಹಾಗೆ ಕೇಳುವುದು ಮೊದಲು ಎಲ್ಲರಿಗೂ ಕಷ್ಟವೇ ಆಯಿತು. ಆದರೆ ಹಾಸಿಗೆ ಹಿಡಿದವರು ಮನೆಯಲ್ಲಿ ಇದ್ದವರಿಗೆ ಈ ಮಾತು ಥಟ್ಟನೆ ಅರ್ಥ ಆಗುತ್ತದೆ. ಮಗ್ಗುಲು ಬದಲಿಸಲು ಬರುವ ಕೈ ಎಷ್ಟು ಬೆಲೆಯದ್ದೆಂದು ಅವರಿಗೆ ಗೊತ್ತು.

80ಜಿ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ, ಇದ್ದರೆ ಒಳ್ಳೆಯದು, ಆದರೆ ಸಂಬಳ ನಿಧಿ ನಿಂತದ್ದು ಅದರ ಮೇಲಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದು ಹೇಗೂ ಸಿಗುವುದಿಲ್ಲ. ಆದರೂ ಪ್ರತಿಯೊಬ್ಬರ ಪ್ಯಾನ್ ನಂಬರು ಮೊದಲೇ ಬರೆದಿಟ್ಟುಕೊಂಡೆವು. ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು ಎಂಬ ನಿಯಮ ಬಂದ ಮೇಲೆ, ಹಳೆಯ ರಶೀದಿ ಪುಸ್ತಕದಲ್ಲಿ ‘ಹಿತೈಷಿಗಳು’ ಎಂದು ಬರೆದು ಬಿಟ್ಟವರನ್ನು ಹುಡುಕಿಕೊಂಡು ಅಲೆಯುವ ಸಂಸ್ಥೆಗಳನ್ನು ಕಂಡಿದ್ದೇನೆ. ಎರಡು ಸಾವಿರಕ್ಕಿಂತ ಹೆಚ್ಚಿನ ನಗದಿಗೆ ವಿನಾಯಿತಿ ಇಲ್ಲ ಎಂಬುದನ್ನೂ ರಶೀದಿಯಲ್ಲೇ ಅಚ್ಚು ಹಾಕಿಸಿದೆವು.

ಒಂದು ಕಂಪೆನಿಯ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ) ವಿಭಾಗದವರು, “ಸಂಬಳಕ್ಕೆ ನಾವು ಕೊಡುವ ಹಾಗಿಲ್ಲ, ಆಡಳಿತ ವೆಚ್ಚ ಐದೇ ಶೇಕಡಾ” ಎಂದರು. ಈ ಮಾತನ್ನು ಸಂಸ್ಥೆಗಳವರು ಹೆಚ್ಚಾಗಿ ತಲೆಯಾಡಿಸಿ ಒಪ್ಪಿಕೊಂಡು ಬರುತ್ತಾರೆ. ನಾನು ನಿಯಮ ಓದಿಕೊಂಡು ಹೋಗಿದ್ದೆ. 2021ರ ಜನವರಿಯ ತಿದ್ದುಪಡಿಯಲ್ಲಿ ಆ ಐದು ಶೇಕಡಾ ಮಿತಿ ಇರುವುದು ಕಂಪೆನಿ ತನ್ನ ಸಿಎಸ್‌ಆರ್ ಕೆಲಸ ನೋಡಿಕೊಳ್ಳಲು ಮಾಡುವ ಸಾಮಾನ್ಯ ಖರ್ಚಿಗೆ. ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಮನೆಮನೆಗೆ ಹೋಗುವ ನರ್ಸಿನ ಸಂಬಳವೇ ಆ ಯೋಜನೆ. ಅವರಿಲ್ಲದಿದ್ದರೆ ಉಳಿಯುವುದು ಒಂದು ಚೀಲ ಮದ್ದು ಮಾತ್ರ. ಕಂಪೆನಿಯವರು ತಮ್ಮ ಆಡಿಟರನ್ನು ಕೇಳಿ, ನರ್ಸುಗಳ ಸಂಬಳ ಮತ್ತು ಸ್ಕೂಟರಿನ ಪೆಟ್ರೋಲಿಗೆ ಒಪ್ಪಿದರು.

ಕೂಡಿಡುವುದೂ ಅಷ್ಟೇ ಮುಖ್ಯ. ಬಂದ ಆದಾಯದಲ್ಲಿ 85 ಶೇಕಡಾ ಆಯಾ ವರ್ಷ ಖರ್ಚಾಗಬೇಕು, 15 ಶೇಕಡಾ ಉಳಿಸಿಕೊಳ್ಳಬಹುದು ಎಂದು ತೆರಿಗೆಯ ನಿಯಮ. ಆ ಹದಿನೈದನ್ನು ಕಾರ್ಯಕ್ರಮಕ್ಕೆ ಮುಟ್ಟದೆ ಪ್ರತ್ಯೇಕ ಖಾತೆಗೆ ಹಾಕುತ್ತಾ ಬಂದು ಆರು ತಿಂಗಳ ಸಂಬಳದಷ್ಟು ಮಾಡಿಕೊಂಡೆವು. ದಾನ ಕಡಿಮೆಯಾಗುವ ಜೂನ್, ಜುಲೈಯಲ್ಲಿ ಈಗ ಒಂದನೇ ತಾರೀಕು ತಪ್ಪುವುದಿಲ್ಲ.

ಸಂಬಳ ಸರಿಯಾದರೆ ಸಾಲದು, ನೌಕರರನ್ನು ನಡೆಸಿಕೊಳ್ಳುವ ರೀತಿಯೂ ಸರಿಯಾಗಬೇಕಿತ್ತು. ಸದಸ್ಯರು ಚಾಲಕನಿಗೆ ನೇರ ಫೋನ್ ಮಾಡುವ ಅಭ್ಯಾಸ ಇತ್ತು. ಬೆಳಗ್ಗೆ ಮತ್ಸ್ಯಗಂಧ ರೈಲಿನಲ್ಲಿ ನೆಂಟರು ಬರುತ್ತಾರೆ, ಇಂದ್ರಾಳಿ ಸ್ಟೇಷನಿಗೆ ಒಂದು ಸಲ ವ್ಯಾನ್ ತಾ ಮಾರಾಯ ಎಂದು. ಬೇಡ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಸದಸ್ಯರಲ್ಲಿ ಯಾರೂ, ಅಧ್ಯಕ್ಷರೂ ಸೇರಿ, ಕೇಂದ್ರದ ಮೇಲ್ವಿಚಾರಕಿಯನ್ನು ಬಿಟ್ಟು ಬೇರೆ ನೌಕರರಿಗೆ ಕೆಲಸ ಹೇಳಬಾರದು ಎಂದು ನಿರ್ಣಯ ಮಾಡಿದೆವು. ಸದಸ್ಯರ ಅಥವಾ ಅವರ ಸಂಬಂಧಿಕರ ಅಂಗಡಿಯಿಂದ ಅಕ್ಕಿ, ದಿನಸಿ ತರುವ ಮಾತು ಬಂದಾಗ ಆ ಸದಸ್ಯರು ಎದ್ದು ಹೊರಗೆ ಕೂರುವುದು, ಬೇರೆ ಎರಡು ಅಂಗಡಿಯ ದರಪಟ್ಟಿ ತರಿಸುವುದು ಎಂದೂ ಬರೆದೆವು. ಒಬ್ಬರು ಬೇಸರಪಟ್ಟುಕೊಂಡು ಸ್ವಲ್ಪ ಸಮಯ ಸಭೆಗೆ ಬರಲಿಲ್ಲ. ನಾನು ಮನೆಗೆ ಹೋಗಿ, ಚಹಾ ಕುಡಿದು, ಕಾರಣ ವಿವರಿಸಿ ಬಂದೆ. ಮುಂದಿನ ಮಹಾಸಭೆಗೆ ಅವರೇ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕಿಸಿದರು.

ವಿಶೇಷ ಶಿಕ್ಷಕಿಯರ ವಿಷಯದಲ್ಲಿ ಮಾತ್ರ ನಮಗೆ ಇನ್ನೂ ಪೂರ್ತಿ ಆಗಿಲ್ಲ. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವವರು ಬೇಕು, ಅಂಥವರಿಗೆ ಬೇರೆ ಕಡೆ ಹೆಚ್ಚು ಸಂಬಳ ಸಿಗುತ್ತದೆ. ಶಿಕ್ಷಕಿ ಬದಲಾದಾಗ ನಮ್ಮ ಕೇಂದ್ರದ ಕೆಲವರು ಊಟ ಬಿಡುತ್ತಾರೆ, ಹೊಸಬರು ಬಾಯಿಗಿಟ್ಟ ತುತ್ತನ್ನು ಉಗಿದುಬಿಡುತ್ತಾರೆ. ಮೊದಲಿನ ಟೀಚರ್ ಕೂರುತ್ತಿದ್ದ ಕುರ್ಚಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಸಂಬಳ ಸಾಲದೆ ಒಬ್ಬರು ಬಿಟ್ಟುಹೋದರೆ ಅದರ ನಷ್ಟ ಯಾರಿಗೆ ಎಂದು ಬಜೆಟ್ ಸಭೆಯಲ್ಲಿ ಕೇಳಿದವರಿಗೆ ನಾನು ಇದನ್ನೇ ಹೇಳುವುದು.

ಈಗ ಹಿಡಿದಿರುವ ಕೆಲಸ ರಜೆಯದ್ದು. ಕಾಗದದಲ್ಲಿ ಎಲ್ಲರಿಗೂ ರಜೆ ಉಂಟು. ಆದರೆ ಆಯಾ ಒಬ್ಬರು ರಜೆ ಹಾಕಿದರೆ ಅವರ ಭಾರ ಇನ್ನೊಬ್ಬರ ಸೊಂಟದ ಮೇಲೆ ಬೀಳುವುದರಿಂದ ಅವರು ಜ್ವರ ಬಂದರೂ ಬರುತ್ತಾರೆ. ಹತ್ತಿರದ ಸ್ತ್ರೀಶಕ್ತಿ ಗುಂಪಿನ ನಾಲ್ಕು ಮಂದಿ ಹೆಂಗಸರು ಬದಲಿ ಕೆಲಸಕ್ಕೆ ಒಪ್ಪಿದ್ದಾರೆ. ಮಳೆಗಾಲದ ಆಟಿ ತಿಂಗಳು ಕಳೆದು ಗದ್ದೆ ಕೆಲಸ ಹಗುರಾದ ಮೇಲೆ ಅವರಿಗೆ ತರಬೇತಿ. ತರಬೇತಿಯ ದಿನಗಳಿಗೂ ಕೂಲಿ ಕೊಡುವುದು ಎಂದು ಕಳೆದ ಸಭೆಯಲ್ಲಿ ಪಾಸಾಗಿದೆ; ಸೂಚಿಸಿದವರು ಮಾಷ್ಟ್ರು.