ಸೀರೆ ಬಿಡದೆ ದೆಹಲಿ ಚಳಿ ಕಳೆದದ್ದು ಹೀಗೆ

2019ರ ಡಿಸೆಂಬರ್ 30. ಅವತ್ತು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ. 1901ರಿಂದ ಈಚೆಗೆ ಡಿಸೆಂಬರ್‌ನಲ್ಲಿ ಅಷ್ಟು ತಣ್ಣನೆಯ ಹಗಲು ಬಂದಿರಲಿಲ್ಲ ಅಂತ ಆಮೇಲೆ ಪೇಪರ್‌ನಲ್ಲಿ ಓದಿದೆ. ನಾನು ದೆಹಲಿಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ನಾನು ಚಳ್ಳಕೆರೆ ಕಡೆಯವಳು. ನಮ್ಮ ಕಡೆ ಚಳಿ ಅಂದ್ರೆ ಬೆಳಿಗ್ಗೆ ಶಾಲು ಹೊದ್ದು ಕಾಫಿ ಕುಡಿಯೋದು, ಒಂಬತ್ತು ಗಂಟೆಗೆ ಅದನ್ನು ಮಡಚಿಡೋದು. ಅಷ್ಟೇ.

ಆ ದಿನ ನಾನು ಹಾಕಿಕೊಂಡದ್ದು ಕಾಟನ್ ಬ್ಲೌಸ್, ಕಾಟನ್ ಲಂಗ, ಕಾಟನ್ ಸೀರೆ. ಮೇಲೆ ನಾಲ್ಕೂವರೆ ಸಾವಿರ ಕೊಟ್ಟು ತಂದ ದಪ್ಪ ಕೋಟು. ಕೋಟು ಇದೆಯಲ್ಲ, ಇನ್ನೇನು ಬೇಕು ಅನ್ನೋ ಧೈರ್ಯ. ಆರ್.ಕೆ. ಪುರಂ ಮೆಟ್ರೊ ಸ್ಟೇಷನ್‌ವರೆಗೆ ಬೇಗ ಬೇಗ ನಡೆದೆ. ರೈಲಿನಲ್ಲಿ ಜನವೋ ಜನ. ಕೋಟಿನೊಳಗೆ ಬೆನ್ನು ಬೆವರಿತು. ಇಳಿದು ಹೊರಗೆ ಬಂದ ಕೂಡಲೇ ಆ ಒದ್ದೆ ಬ್ಲೌಸ್ ಬೆನ್ನಿಗೆ ಮಂಜುಗಡ್ಡೆ ಅಂಟಿಸಿದ ಹಾಗಾಯಿತು. ಸೆರಗಿನ ದಪ್ಪಕ್ಕೆ ಕೋಟಿನ ಗುಂಡಿ ಕೂರಲಿಲ್ಲ, ಎದೆ ತೆರೆದೇ ಇತ್ತು. ಕೆಳಗಿನಿಂದ ಗಾಳಿ ನೇರವಾಗಿ ಲಂಗದೊಳಗೆ. ಆಫೀಸು ಮುಟ್ಟುವಾಗ ತೊಡೆ ಮುಟ್ಟಿದರೂ ಗೊತ್ತಾಗದಷ್ಟು ಮರಗಟ್ಟಿತ್ತು.

ದೆಹಲಿ ಚಳಿಯ ಬಗ್ಗೆ ಊರಿನಲ್ಲಿರುವವರಿಗೆ ಒಂದು ವಿಷಯ ಹೇಳಲೇಬೇಕು. ಇಲ್ಲಿ ಮನೆಯೊಳಗೂ ಚಳಿಯೇ. ಹೊರದೇಶದಲ್ಲಿರುವ ನನ್ನ ಅಕ್ಕನಿಗೆ ಹಿಮ ಬೀಳುವ ಊರಿನಲ್ಲೂ ಮನೆಯೊಳಗೆ ಹೀಟಿಂಗ್ ಇದೆ, ಒಳಗೆ ಬಂದರೆ ತೆಳು ಬಟ್ಟೆ ಸಾಕು. ಇಲ್ಲಿ ಮೊಸಾಯಿಕ್ ನೆಲ, ಸಂದಿ ಬಿಟ್ಟ ಕಿಟಕಿ, ರಾತ್ರಿಯೆಲ್ಲ ತಣ್ಣಗಾದ ಗೋಡೆ. ಅಡುಗೆಮನೆಯಲ್ಲಿ ನಿಂತಾಗಲೂ, ಆಫೀಸಿನಲ್ಲಿ ಕೂತಾಗಲೂ, ಮಲಗಿದಾಗಲೂ ಬಟ್ಟೆಯೇ ಕಾಯಬೇಕು. ಹಾಗಾಗಿ ಹೊರಗೆ ಹೋಗುವಾಗ ಮಾತ್ರ ಹಾಕಿಕೊಳ್ಳುವ ಕೋಟಿಗೆ ದುಡ್ಡು ಸುರಿದದ್ದೇ ನನ್ನ ಮೊದಲ ತಪ್ಪು.

ಎರಡನೇ ತಪ್ಪು ಅದು ಉಣ್ಣೆ ಅಂತ ನಂಬಿದ್ದು. ಅಂಗಡಿಯವರು "ಪ್ಯೂರ್ ವುಲ್" ಅಂದಿದ್ದರು. ಒಂದು ಭಾನುವಾರ ಒಳಗಿನ ಹೊಲಿಗೆಯ ಅಂಚಿನ ಬಟ್ಟೆಯಿಂದ ಎರಡೆಳೆ ದಾರ ಎಳೆದು, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಕಡ್ಡಿ ಗೀರಿದೆ. ಅಪ್ಪಟ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ನನ್ನ ದಾರ ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಯಿತು. ಉಣ್ಣೆಯಲ್ಲ, ಅಕ್ರಿಲಿಕ್ ಥರದ ಸಿಂಥೆಟಿಕ್ ನೂಲು. ಅಕ್ರಿಲಿಕ್ ಕೆಟ್ಟದ್ದು ಅಂತ ಅಲ್ಲ. ಹಗುರ, ಅಗ್ಗ, ಒಗೆಯೋದು ಸುಲಭ. ಆದರೆ ಉಣ್ಣೆಯ ಬೆಲೆಗೆ ಅದನ್ನು ಕೊಳ್ಳಬಾರದು, ಅಲ್ವಾ? ಈಗ ನಾನು ಮಾತು ಕೇಳೋದಿಲ್ಲ. ಒಳಗಿನ ಲೇಬಲ್‌ನಲ್ಲಿ ಎಷ್ಟು ಪರ್ಸೆಂಟ್ ಉಣ್ಣೆ ಅಂತ ಬರೆದಿದೆಯೋ ಅದನ್ನೇ ಓದುತ್ತೇನೆ.

ನನ್ನ ಕಣ್ಣು ತೆರೆಸಿದ್ದು ಕಶ್ಮೀರಿ ಗೇಟ್ ಹತ್ತಿರದ ಮೊನಾಸ್ಟ್ರಿ ಮಾರ್ಕೆಟ್. ಸ್ವೆಟರ್ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಟಿಬೆಟನ್ ಹೆಂಗಸು, ನಾನು ಫೋನಿನಲ್ಲಿ ಮಾತಾಡೋದು ಕೇಳಿ, "ಕನ್ನಡಾನಾ ಅಕ್ಕಾ? ನಂದು ಬೈಲಕುಪ್ಪೆ" ಅಂದರು. ಆ ಚಳಿಯಲ್ಲಿ ಆ ಒಂದು ಮಾತು ನನಗೆ ಎಷ್ಟು ಬೆಚ್ಚಗಾಯಿತು ಅಂತ ಹೇಳಲಾರೆ. ನಮ್ಮ ಊರುಗಳಲ್ಲೂ ಚಳಿಗಾಲ ಬಂದರೆ ಬಸ್ ಸ್ಟ್ಯಾಂಡ್ ಹತ್ತಿರ ಇವರ ಸ್ವೆಟರ್ ಅಂಗಡಿ ಇರುತ್ತಿದ್ದವು. ಅವರ ಮಾಲು ಹೆಚ್ಚಾಗಿ ಲೂಧಿಯಾನದ್ದು.

ಅವರು ಮೊದಲು ನನ್ನ ಕೋಟಿನ ಗುಂಡಿ ಬಿಚ್ಚಿಸಿ ಒಳಗೆ ಏನಿದೆ ನೋಡಿದರು. "ಮೈಗೆ ಏನೂ ಇಲ್ವಲ್ಲಕ್ಕಾ" ಅಂದರು. ಎರಡು ಇನ್ನರ್, ಅಂದರೆ ಒಳಗೆ ಹಾಕುವ ಥರ್ಮಲ್ ಬಟ್ಟೆ, ತೆಗೆದು ಎದುರಿಗಿಟ್ಟರು. ನಾನು ದೊಡ್ಡ ಸೈಜ್ ಕೇಳಿದೆ, ಆರಾಮಾಗಿರಲಿ ಅಂತ. ಅವರು ಕೊಡಲಿಲ್ಲ. ಇನ್ನರ್ ಮೈಗೆ ಹತ್ತಿಕೊಂಡೇ ಇರಬೇಕು, ಸಡಿಲ ಆದರೆ ನಡುವೆ ಗಾಳಿ ಓಡಾಡುತ್ತದೆ, ಹಾಕಿಯೂ ದಂಡ ಅಂದರು. ಆಮೇಲೆ ಒಂದು ಸ್ವೆಟರ್‌ನ ತೋಳಿನ ತುದಿಯನ್ನು ಎರಡೂ ಕೈಯಲ್ಲಿ ಜಗ್ಗಿ ಬಿಟ್ಟು ತೋರಿಸಿದರು. ಪಟ್ಟಿ ಚಟ್ಟನೆ ಹಿಂದಕ್ಕೆ ಬಂತು. ಇನ್ನೊಂದರದ್ದು ಸೋತು ಹಾಗೇ ಉಳಿಯಿತು. "ಇದು ಜನವರಿಗೆ ಜೋಳಿಗೆ ಆಗ್ತದೆ" ಅಂದರು. ಚುಚ್ಚುತ್ತದೋ ಇಲ್ಲವೋ ನೋಡಲು ಅಂಗೈ ಮೇಲೆ ಉಜ್ಜಬಾರದಂತೆ. ಅಂಗೈ ಒರಟು, ಅದಕ್ಕೆ ಗೊತ್ತಾಗಲ್ಲ. ಕತ್ತಿನ ಪಕ್ಕ ಒತ್ತಿ ಹಿಡಿದು ಒಂದು ನಿಮಿಷ ಕಾಯಬೇಕು. ಇವತ್ತಿಗೂ ನಾನು ಹಾಗೇ ನೋಡಿ ಕೊಳ್ಳೋದು.

ಉಣ್ಣೆ ಚುಚ್ಚೋದು ಎಳೆಯ ದಪ್ಪದಿಂದ. ದಪ್ಪ ಎಳೆಯ ತುದಿ ಚರ್ಮಕ್ಕೆ ತಾಗಿ ಬಾಗೋದಿಲ್ಲ, ಕುಕ್ಕುತ್ತದೆ. ಮೆರಿನೊ ಉಣ್ಣೆಯ ಎಳೆ ಸಣ್ಣ, ಪಶ್ಮೀನದ್ದು ಇನ್ನೂ ಸಣ್ಣ, ಸುಮಾರು 12ರಿಂದ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅವು ಬಾಗಿಬಿಡುತ್ತವೆ. ಉಣ್ಣೆಯ ಗುಣ ಏನೆಂದರೆ, ಅದರ ಗುಂಗುರು ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಲ್ಲುತ್ತದೆ. ಬೆಚ್ಚಗಿಡೋದು ಆ ನಿಂತ ಗಾಳಿ. ಬೆವರಿನ ಪಸೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ, ಆದರೂ ಮೈಗೆ ಒದ್ದೆ ಅನ್ನಿಸೋದಿಲ್ಲ. ಕಾಟನ್ ಹಾಗಲ್ಲ. ಒದ್ದೆಯಾಯಿತೆಂದರೆ ಒಣಗುವವರೆಗೂ ಮೈಯ ಶಾಖ ಹೀರುತ್ತಲೇ ಇರುತ್ತದೆ. ನನ್ನ ಬೆನ್ನಿನ ಮಂಜುಗಡ್ಡೆಯ ಕಾರಣ ಅದೇ.

ಇನ್ನು ಸೀರೆ. ಚಳಿಗಾಲದಲ್ಲಿ ಪ್ಯಾಂಟ್ ಹಾಕಿಕೋ, ಸುಮ್ನೆ ಯಾಕೆ ಒದ್ದಾಡ್ತೀಯ ಅಂತ ಹೇಳಿದವರು ಬಹಳ. ಸಲ್ವಾರ್ ಹಾಕುವವರಿಗೆ ನಿಜವಾಗಿ ಕಷ್ಟವಿಲ್ಲ. ಒಳಗೊಂದು ಲೆಗ್ಗಿಂಗ್, ಮೇಲೆ ಉಣ್ಣೆಯ ಕುರ್ತಾ, ಮುಗಿಯಿತು. ಆದರೆ ನನಗೆ ಸೀರೆ ಇಷ್ಟ. ವರ್ಷಕ್ಕೆ ಎರಡೂವರೆ ತಿಂಗಳು ಅದನ್ನು ಬೀರುವಿನಲ್ಲಿಡಲು ಮನಸ್ಸಿರಲಿಲ್ಲ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಕಾಲು. ಥರ್ಮಲ್ ಲೆಗ್ಗಿಂಗ್ ಮೇಲೆ ಕಾಟನ್ ಲಂಗ ಹಾಕಿದರೆ ಎರಡೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ನಾಲ್ಕು ಹೆಜ್ಜೆಗೆ ಲಂಗ ಕಾಲ ನಡುವೆ ಸಿಕ್ಕಿಕೊಂಡು ಮೇಲೇರುತ್ತದೆ, ನೆರಿಗೆ ಕೆಡುತ್ತದೆ. ಸ್ಯಾಟಿನ್ ಲಂಗ ಹಾಕಿದೆ. ಜಾರಿಕೊಂಡು ಹೋಗುತ್ತದೆ, ನಡೆಯೋದು ಹಗುರ. ಎರಡನೆಯದು ಸೊಂಟ. ಲೆಗ್ಗಿಂಗಿನ ಎಲಾಸ್ಟಿಕ್ ಮೇಲೆಯೇ ಲಂಗದ ಲಾಡಿ ಬಿಗಿದರೆ ಸಂಜೆಗೆ ಸೊಂಟದಲ್ಲಿ ಕೆಂಪು ಬರೆ. ಅಗಲ ಪಟ್ಟಿಯ, ಹೊಟ್ಟೆಯ ಮೇಲಕ್ಕೆ ಬರುವ ಲೆಗ್ಗಿಂಗ್ ತಗೊಂಡು, ಲಾಡಿಯನ್ನು ಎರಡು ಬೆರಳು ಕೆಳಗೆ ಕಟ್ಟುತ್ತೇನೆ. ಸೀರೆಯಲ್ಲಿ ಬರಿದಾಗುವ ಸೊಂಟಕ್ಕೂ ಆ ಪಟ್ಟಿಯೇ ಮುಚ್ಚಿಗೆ. ಮೇಲಿನ ಇನ್ನರ್ ಅನ್ನು ಅದರೊಳಗೆ ಸಿಕ್ಕಿಸಿದರೆ ಸೊಂಟದಲ್ಲಿ ಗಾಳಿಗೆ ದಾರಿಯೇ ಇಲ್ಲ.

ಬ್ಲೌಸ್‌ನದ್ದು ಬೇರೆ ಕಷ್ಟ. ಒಳಗೆ ಇನ್ನರ್ ಬಂದರೆ ಕಂಕುಳಲ್ಲಿ ಹಿಡಿಯುತ್ತದೆ, ಕೈ ಎತ್ತಲಾಗೋದಿಲ್ಲ. ನಮ್ಮೂರ ಟೈಲರ್ ಬ್ಲೌಸ್‌ನ ಎರಡೂ ಪಕ್ಕ ಒಳಗೆ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರಲ್ಲ, ಡಿಸೆಂಬರ್ ಮೊದಲ ವಾರ ಕೂತು ಒಂದೊಂದು ಸಾಲು ಬಿಚ್ಚುತ್ತೇನೆ. ಪಕ್ಕಕ್ಕೆ ಅರ್ಧ ಇಂಚು ಸಿಗುತ್ತದೆ, ಇನ್ನರ್‌ಗೆ ಅಷ್ಟು ಸಾಕು. ಮಾರ್ಚ್‌ನಲ್ಲಿ ಮತ್ತೆ ಹೊಲಿಗೆ. ಇನ್ನರ್‌ನ ಕತ್ತು ಮುಂದೆ ಹಿಂದೆ ಎರಡೂ ಕಡೆ ಆಳವಾಗಿರೋದನ್ನೇ ಹುಡುಕಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಇಣುಕುತ್ತದೆ. ತುಂಬಾ ಚಳಿಯಿದ್ದ ದಿನ ಬ್ಲೌಸ್ ಬಿಟ್ಟು ತೆಳ್ಳಗಿನ ತುಂಬುತೋಳಿನ, ಕತ್ತು ಮುಚ್ಚುವ ಉಣ್ಣೆ ಸ್ವೆಟರ್ ಮೇಲೆಯೇ ಸೀರೆ ಉಡುತ್ತೇನೆ. ಕಪ್ಪು, ಮೆರೂನ್ ಎರಡಿದ್ದರೆ ಹೆಚ್ಚುಕಡಿಮೆ ಎಲ್ಲ ಸೀರೆಗೂ ಹೊಂದುತ್ತವೆ. ಆಗ ತಾಳಿ ಸರ ಸ್ವೆಟರ್ ಮೇಲೆ ಬರುತ್ತದೆ. ಬೆಳಗಿನ ಹೊತ್ತು ತಣ್ಣನೆಯ ಚಿನ್ನ ಎದೆಗೆ ತಾಗಿ ಬೆಚ್ಚಿಬೀಳೋದೂ ತಪ್ಪಿತು. ಬಳೆಯೂ ಹಾಗೇ. ತೋಳಿನ ತುದಿಯನ್ನು ಬಳೆಯ ಮೇಲೆ ಎಳೆದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ತೋಳು ಒಳಗೆ, ಬಳೆ ಅದರ ಮೇಲೆ ಇರಬೇಕು.

ಯಾವ ಸೀರೆ? ಜಾರ್ಜೆಟ್, ಶಿಫಾನ್ ಒಣಚಳಿಯಲ್ಲಿ ಲೆಗ್ಗಿಂಗ್‌ಗೆ ಚಟಚಟ ಅಂಟಿಕೊಳ್ಳುತ್ತವೆ, ಶಾಖವನ್ನೂ ನಿಲ್ಲಿಸೋದಿಲ್ಲ. ರೇಷ್ಮೆ ಬೆಚ್ಚಗೆ. ನಮ್ಮ ಜಿಲ್ಲೆಯದ್ದೇ ಮೊಳಕಾಲ್ಮೂರು ಸೀರೆ ಅಮ್ಮನ ಮನೆಯಿಂದ ಬಂದದ್ದು ಎರಡಿವೆ. ಊರಿನ ಸೆಕೆಯಲ್ಲಿ ಮದುವೆಗೆ ಉಟ್ಟು ಬೆವರಿ ಸುಸ್ತಾಗುತ್ತಿದ್ದ ಸೀರೆಗಳು. ಅವುಗಳ ನಿಜವಾದ ಹಿತ ನನಗೆ ತಿಳಿದದ್ದು ಇಲ್ಲಿನ ಜನವರಿಯಲ್ಲಿ.

ಆ ಹಳೆ ಕೋಟು ಈಗಲೂ ಇದೆ, ಸ್ಕೂಟರ್ ಹಿಂದೆ ಕೂರುವಾಗ ಗಾಳಿ ತಡೆಯಲು. ಸೀರೆಗೆ ಅಂತ ಬೇರೆ ಕೋಟು ತಗೊಂಡೆ. ಎದೆಯಲ್ಲಿ ಸೆರಗು ಹಿಡಿಸುವಷ್ಟು ಜಾಗ, ಮೊಣಕಾಲಿನವರೆಗೆ ಉದ್ದ, ಹಿಂದೆ ಸೀಳು. ಅಂಗಡಿಗೆ ಸೀರೆ ಉಟ್ಟುಕೊಂಡೇ ಹೋಗಿ, ಹಾಕಿ, ಕುರ್ಚಿಯಲ್ಲಿ ಕೂತು ಎದ್ದು ನೋಡಿದೆ. ಮೆಟ್ರೊ ಹತ್ತುವ ಮೊದಲೇ ಅದರ ಗುಂಡಿ ಬಿಚ್ಚುತ್ತೇನೆ. ಬೆವರಿದ ಮೇಲೆ ಬಿಚ್ಚಿ ಏನೂ ಪ್ರಯೋಜನವಿಲ್ಲ.

2023ರ ಜನವರಿಯಲ್ಲಿ ಅವ್ವ ಬಂದರು. 8ನೇ ತಾರೀಖು ಬೆಳಿಗ್ಗೆ ಸಫ್ದರ್‌ಜಂಗ್‌ನಲ್ಲಿ 1.9 ಡಿಗ್ರಿ. ಅವರಿಗೆ ಅರವತ್ತಾರು. ಜೀವಮಾನದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಲೆಗ್ಗಿಂಗ್ ತೋರಿಸಿದರೆ, "ಈ ವಯಸ್ಸಲ್ಲಿ ನಂಗೆ ಪ್ಯಾಂಟ್ ಹಾಕುಸ್ತೀಯೇನೇ?" ಅಂದರು. ಒತ್ತಾಯ ಮಾಡಲಿಲ್ಲ. ರಾತ್ರಿ ರಜಾಯಿಯೊಳಗೆ, ಅಂದರೆ ಇಲ್ಲಿನ ದಪ್ಪ ಹೊದಿಕೆಯೊಳಗೆ, ಮೊಣಕಾಲು ನೋವು ಅಂತ ಒದ್ದಾಡಿದರು. ಬೆಳಿಗ್ಗೆ ನಾನು ಲೆಗ್ಗಿಂಗನ್ನು ಬಿಸಿನೀರಿನ ಚೀಲದ ಸುತ್ತ ಐದು ನಿಮಿಷ ಸುತ್ತಿಟ್ಟು, ಬೆಚ್ಚಗಿರುವಾಗಲೇ ಅವರ ಕೈಗೆ ಕೊಟ್ಟೆ. ಮುಟ್ಟಿ ನೋಡಿದರು. ಬಾಗಿಲು ಹಾಕಿಕೊಂಡು ಹಾಕಿಕೊಂಡರು. ಮಧ್ಯಾಹ್ನ, "ಇದು ಯಾರಿಗೂ ಕಾಣ್ಸಲ್ಲ ಅಲ್ಲೇನೇ?" ಅಂತ ಒಂದೇ ಮಾತು. ಸಂಜೆ ಇನ್ನೊಂದು ಜೊತೆ ಕೇಳಿದರು.

ಅವ್ವನ ಪಾದವೇ ಕಷ್ಟವಾಯಿತು. ಕಾಲುಂಗುರ ತೆಗೆಯುವ ಮಾತೇ ಇಲ್ಲ. ಉಣ್ಣೆ ಕಾಲುಚೀಲದ ಎಳೆ ಕಾಲುಂಗುರಕ್ಕೆ ಸಿಕ್ಕಿ, ನಾಲ್ಕೇ ದಿನಕ್ಕೆ ಎರಡನೇ ಬೆರಳ ಹತ್ತಿರ ತೂತು. ಆಮೇಲೆ ಒಳಗೆ ತೆಳು ಕಾಟನ್ ಕಾಲುಚೀಲ, ಅದರ ಮೇಲೆ ಉಣ್ಣೆಯದ್ದು ಹಾಕಿಸಿದೆ. ಉಂಗುರ ತಾಗೋದು ನಿಂತಿತು. ಹೆಬ್ಬೆರಳು ಬೇರೆಯಾಗಿರುವ ಕಾಲುಚೀಲ ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಚಪ್ಪಲಿ ಜೊತೆ ಹಾಕಬಹುದು. ಹೊರಗೆ ಹೋಗಲು ಒಂದು ಸೈಜ್ ದೊಡ್ಡ ಶೂ ತಂದೆ. ಎರಡು ಕಾಲುಚೀಲ ಹಾಕಿ ಬಿಗಿ ಶೂಗೆ ತುರುಕಿದರೆ ಪಾದ ಇನ್ನೂ ತಣ್ಣಗಾಗುತ್ತದೆ, ಬೆರಳು ಆಡುವಷ್ಟು ಜಾಗ ಬೇಕು.

ಅವ್ವ ಊರಿನಿಂದ ಒಂದು ಕರಿ ಕಂಬಳಿ ತಂದಿದ್ದರು, ಚಳ್ಳಕೆರೆಯದ್ದು, ಕುರುಬರು ನೇಯ್ದದ್ದು. ಒರಟು, ಹೊದ್ದರೆ ಕತ್ತಿಗೆ ಚುಚ್ಚುತ್ತದೆ. ಅವರು ಅದನ್ನು ಹಾಸಿಗೆಯ ಮೇಲೆ, ಬೆಡ್‌ಶೀಟ್ ಕೆಳಗೆ ಹಾಸಿದರು. "ಚಳಿ ಕೆಳಗಿಂದ ಬರೋದು ಕಣೇ" ಅಂದರು. ಆ ರಾತ್ರಿ ಎರಡು ರಜಾಯಿ ಬೇಕಾಗಲಿಲ್ಲ. ಮೂರು ಚಳಿಗಾಲ ಕಳೆದರೂ ನನಗೆ ಇದು ಹೊಳೆದಿರಲಿಲ್ಲ.

ಅಡುಗೆಮನೆ ಬಗ್ಗೆ ಒಂದು ಎಚ್ಚರಿಕೆ. ಅಕ್ರಿಲಿಕ್ ಶಾಲು ಹೊದ್ದು ಒಲೆ ಮುಂದೆ ನಿಲ್ಲಬೇಡಿ. ನನ್ನ ಶಾಲಿನ ಕುಚ್ಚು ಒಮ್ಮೆ ಬರ್ನರ್‌ಗೆ ತಾಗಿ ಕರಗಿ ಅಂಟಿತು. ಕೈಗೆ ಅಂಟಿದ್ದರೆ ಚರ್ಮವೇ ಬರುತ್ತಿತ್ತು. ಈಗ ಅಡುಗೆ ಮಾಡುವಾಗ ತೋಳಿಲ್ಲದ ಉಣ್ಣೆ ಸ್ವೆಟರ್, ಸೆರಗು ಸೊಂಟಕ್ಕೆ. ಎದೆ ಬೆನ್ನು ಬೆಚ್ಚಗಿದ್ದರೆ ಒಲೆ ಮುಂದೆ ಕೈಗೆ ಚಳಿಯಾಗೋದಿಲ್ಲ.

ಒಗೆಯೋದು ತಣ್ಣೀರಿನಲ್ಲಿ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಂಚದ ಮೇಲೆ ಹರಡಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೆ ಸ್ವೆಟರ್ ಉದ್ದವಾಗುತ್ತದೆ, ಬಿಸಿನೀರಿಗೆ ಹಾಕಿದರೆ ಮಗುವಿನ ಅಳತೆಗೆ ಬರುತ್ತದೆ.

ಈ ಡಿಸೆಂಬರ್‌ಗೆ ಅಕ್ಕನ ಮಗಳು ಕೆಲಸಕ್ಕೆ ಅಂತ ಇಲ್ಲಿಗೆ ಬರುತ್ತಿದ್ದಾಳೆ. ಈಗ ಚಿತ್ರದುರ್ಗದಲ್ಲಿ ಅಜ್ಜಿ ಜೊತೆ ಇದ್ದಾಳೆ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ಯಾವ ಕೋಟು ತಗೊಳ್ಳಲಿ?" ಅಂದಳು. ಕೋಟು ಬೇಡ, ಇಲ್ಲಿ ಬಂದ ಮೇಲೆ ಇಬ್ಬರೂ ಹೋಗಿ ನೋಡೋಣ ಅಂದೆ. ಇನ್ನರ್ ಎರಡು ಜೊತೆ ನಾನೇ ತೆಗೆದಿಡುತ್ತೇನೆ, ಎದೆ ಸೊಂಟದ ಅಳತೆ ಕಳಿಸು. ಬ್ಲೌಸ್ ಹೊಲಿಸುವಾಗ ಒಳಗೆ ಬಟ್ಟೆ ಜಾಸ್ತಿ ಬಿಡಲು ಹೇಳು. ಮತ್ತೆ ಅಜ್ಜಿ ಹತ್ತಿರ ಇನ್ನೊಂದು ಕಂಬಳಿ ಇದೆ, ಅದನ್ನು ಮರೆಯದೆ ತಗೊಂಡು ಬಾ.